ಎರಡು ಮೈಲಿ ದೂರದ ಲೋಟ

ಬಸ್ಸಿನಿಂದ ಇಳಿದ ನಮ್ಮಿಬ್ಬರನ್ನು ಕರೆದೊಯ್ಯಲು ಬಂದಿದ್ದ ಕಚೇರಿಯ ಜವಾನ ಮುಖ ನೋಡುವ ಮೊದಲು ನಮ್ಮ ಕಾಲು ನೋಡಿದ. “ಅಡ್ಡಿ ಇಲ್ಲ, ಗಟ್ಟಿ ಅದಾವ” ಎಂದು ತನಗೆ ತಾನೇ ಹೇಳಿಕೊಂಡು ನನ್ನ ಚೀಲವನ್ನು ಹೆಗಲಿಗೇರಿಸಿದ. ನಾನೂ ನನ್ನ ಸಹಪಾಠಿ ತೌಸೀಫನೂ ಸಾರ್ವಜನಿಕ ನೀತಿಯಲ್ಲಿ ಎಂ.ಎ. ಓದುತ್ತಿದ್ದವರು. ಆ ಊರಿನ ಯೋಜನಾ ಕಚೇರಿ ಪ್ರತಿ ಬೇಸಿಗೆಯಲ್ಲೂ ಇಬ್ಬರು ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್ಪಿಗೆಂದು ಕರೆಸಿಕೊಳ್ಳುತ್ತಿತ್ತು. ಉಳಿಯಲು ಕೋಣೆ, ಓಣಿಗೊಂದು ಸರದಿಯಂತೆ ಊರವರೇ ಕಳಿಸುವ ಊಟ, ಹೊರಡುವಾಗ ಒಂದು ಸರ್ಟಿಫಿಕೇಟು. ಅದರಲ್ಲಿ ‘ಹೊತ್ತರು’ ಎಂಬ ಒಂದೇ ಒಂದು ಪದ ಬಿದ್ದಿದ್ದರೆ ರಾಜಧಾನಿಯ ನಿರ್ದೇಶನಾಲಯದವರು ಸಂದರ್ಶನವನ್ನೂ ಮಾಡದೆ ಕೆಲಸ ಕೊಡುತ್ತಾರೆಂದು ಸೀನಿಯರುಗಳು ಹೇಳಿದ್ದರು. ಅಜ್ಜ ತೀರಿಕೊಂಡ ಮೇಲೆ ನಾನೂ ಅಮ್ಮನೂ ಸೋದರಮಾವನ ಮನೆಯ ನಡುಮನೆಯಲ್ಲಿ ರಾತ್ರಿ ಬಿಚ್ಚಿದ ಹಾಸಿಗೆಯನ್ನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸುತ್ತಿಟ್ಟು ಬದುಕುತ್ತಿದ್ದೆವು. ನನಗೆ ಆ ಪದ ಬೇಕಿತ್ತು.

ಆ ಊರಿನಲ್ಲಿ ಯಾರು ಏನನ್ನು ಶಿಫಾರಸು ಮಾಡಿ ಬರೆದರೂ ಅದು ಮೊದಲು ಬರೆದವರ ಮೇಲೆಯೇ ಬರುತ್ತಿತ್ತು. ಅಮಾವಾಸ್ಯೆಯ ದಿನ ಸಹಿ ಹಾಕಬೇಕು, ಹುಣ್ಣಿಮೆಯವರೆಗೆ ಹೊರಬೇಕು. ಹುಣ್ಣಿಮೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಚೇರಿಯ ಸಾಹೇಬರ ಮೇಜಿನ ಮೇಲಿಟ್ಟ ಲೋಟದ ನೀರನ್ನು ಊರವರ ಎದುರು ಕುಡಿದು ‘ಹೊತ್ತೆ’ ಎಂದರೆ ಅದು ಊರಿಗೆಲ್ಲ ಆದೇಶ. ತಡೆಯಲಾರದೆ ಬರೆದವರೇ ತಮ್ಮ ಬರಹವನ್ನು ಹೊಡೆದು ಹಾಕಿದರೆ, ಇಲ್ಲವೇ ಲೋಟ ಮುಟ್ಟಲಾರದೆ ಹೋದರೆ, ಕಡತ ಕಪಾಟಿಗೆ ಹೋಗಿ ಮುಂದಿನ ಬೇಸಿಗೆಗೆ ಬರುವ ಇನ್ನೊಬ್ಬರಿಗಾಗಿ ಕಾಯುತ್ತಿತ್ತು. ನಡುವೆ ಯಾರಾದರೂ ಹೊರುವವರಿಗೆ ನೆರವಾಗಲು ಕೈ ಹಚ್ಚಿದರೆ ಮಾತ್ರ, ಒಂದು ತುತ್ತು ದಾಟಿಸಿದರೂ ಸಾಕು, ಆ ಪ್ರಸ್ತಾಪ ಮತ್ತೆಂದೂ ಏಳದ ಹಾಗೆ ಬಿದ್ದುಹೋಗುತ್ತಿತ್ತು. ಆದರೆ ಕೈ ಹಚ್ಚಿದವರು ಮುಂದಿನ ಬೇಸಿಗೆಯವರೆಗೆ ಅದನ್ನು ತಾವು ಹೊರಬೇಕು. ಹಾಗಾಗಿ ಯಾರೂ ಹಚ್ಚುತ್ತಿರಲಿಲ್ಲ.

ಇದು ಯಾರಿಗೂ ಸೋಜಿಗವಾಗಿ ಕಂಡಂತಿರಲಿಲ್ಲ. ಬಿಸಿಲಿಗೆ ಛತ್ರಿ ಹಿಡಿಯುವಂತೆ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು, ಅಷ್ಟೆ. ಆ ಉಪಾಯವೇ ನಾವು. “ನಾವೆಲ್ಲ ಸಂಸಾರಸ್ಥರು, ತಂಗಿ” ಎಂದು ಹೆಡ್ ಕ್ಲಾರ್ಕ್ ನಿಂಬಣ್ಣನವರು ಮೊದಲ ದಿನವೇ ಬಿಡಿಸಿ ಹೇಳಿದ್ದರು. “ಮಕ್ಕಳು ಮರಿ, ಸಕ್ಕರಿ ಬ್ಯಾನಿ, ಬಿ.ಪಿ. ನಾವು ಬರದ್ರ ನಮ್ಮ ಮನಿ ಕೆಡ್ತಾವು. ನೀವು ಹರೇದವರು. ಬರೀರಿ, ಹೊರ್ರಿ, ಬಸ್ ಹತ್ರಿ. ಊರ ಮುಂದಿನ ಸೇತುವಿ ದಾಟಿದ್ರ ಎಲ್ಲಾ ಕಳೀತದ.”

ಸಾಹೇಬರ ಹೆಸರು ಗುರುಪಾದಪ್ಪ. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಯಾವ ಶಿಫಾರಸನ್ನೂ ಬರೆದವರಲ್ಲ. ಬಂದ ಅರ್ಜಿಗಳ ಮೇಲೆಲ್ಲ ‘ಪರಿಶೀಲಿಸಲಾಗುವುದು’ ಎಂದಷ್ಟೇ ಬರೆಯುತ್ತ ಬಂದಿದ್ದರು. ಅದೂ ಅವರನ್ನು ಬಿಟ್ಟಿರಲಿಲ್ಲ. ಅವರು ಹೊರಗೆ ಕಾಲಿಟ್ಟರೆ ಸಾಕು, ದಾರಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಅವರನ್ನೇ ನೋಡುತ್ತ ನಿಲ್ಲುತ್ತಿದ್ದರು. ಕ್ಷೌರದಂಗಡಿಯ ಕನ್ನಡಿಯಲ್ಲಿ ನೋಡುತ್ತಿದ್ದರು, ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು, ಕಟ್ಟಿದ ಎಮ್ಮೆಗಳೂ ಮೆಲುಕು ನಿಲ್ಲಿಸಿ ಕತ್ತು ತಿರುಗಿಸುತ್ತಿದ್ದವು. ಪಾಪ, ಅವರು ಛತ್ರಿಯನ್ನು ಕಣ್ಣಿನವರೆಗೆ ಇಳಿಸಿಕೊಂಡು ನಡೆಯುತ್ತಿದ್ದರು. ಕಚೇರಿಯಲ್ಲಿ ಅವರ ಕುರ್ಚಿಯ ಪಕ್ಕದ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು.

ತೌಸೀಫನ ಪಾಲಿಗೆ ಬಂದದ್ದು ಬಿಲ್ ಕಟ್ಟುವ ಕೌಂಟರುಗಳ ಕಡತ. ಮೂರರ ಬದಲು ಒಂದೇ ಸಾಕೆಂದು ಬರೆದು ಸಹಿ ಹಾಕಿದ. ಅಂದಿನಿಂದ ಅವನು ಬಚ್ಚಲಿಗೆ ಹೋಗಬೇಕಾದರೂ ಕಣ್ಣಿಗೆ ಕಾಣದ ಹತ್ತು ಮಂದಿಯ ಹಿಂದೆ ನಿಂತು ಕಾಯಬೇಕಾಯಿತು. ಬಾಗಿಲ ಮುಂದೆ ಒಂದು ಹೆಜ್ಜೆ ಸರಿಯುತ್ತಿದ್ದ, ನಿಲ್ಲುತ್ತಿದ್ದ, ಮತ್ತೊಂದು ಹೆಜ್ಜೆ ಸರಿಯುತ್ತಿದ್ದ. ಅವನಿಗೇನೂ ಕಷ್ಟವಾಗಲಿಲ್ಲ. ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲು ನೋಡುತ್ತ ನಿಂತಿರುತ್ತಿದ್ದ. “ಭಾರ್ಗವಿ, ಇದಕ್ಕಿಂತ ನಮ್ಮ ಹಾಸ್ಟೆಲ್ಲಿನ ಲೈನ್ ಉದ್ದ ಇರ್ತಿತ್ತು ಬಿಡು” ಎನ್ನುತ್ತಿದ್ದ.

ನನ್ನದು ಮೇಲಿನ ಓಣಿಯ ರೇಷನ್ ಅಂಗಡಿ. ಊರವರು ಅದನ್ನು ಸೊಸೈಟಿ ಎನ್ನುತ್ತಿದ್ದರು. ಅದನ್ನು ಮುಚ್ಚಿ ಪೇಟೆಯ ಸೊಸೈಟಿಗೆ ಸೇರಿಸಬಹುದೇ ಎಂದು ನೋಡಬೇಕಿತ್ತು. ನಾನು ಪ್ರಾಮಾಣಿಕವಾಗಿಯೇ ನೋಡಿದೆ. ಕಾರ್ಡುಗಳು ಕಡಿಮೆ, ಗೋದಾಮು ಸೋರುತ್ತಿತ್ತು, ಅಕ್ಕಿಗೆ ಹುಳ ಬೀಳುತ್ತಿತ್ತು, ಪೇಟೆಯ ಅಂಗಡಿಯಲ್ಲಿ ಎಲ್ಲವೂ ಸರಿಯಾಗಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಬರೆದೆ: ‘ಫಲಾನುಭವಿಗಳು ಕೇವಲ ಎರಡು ಮೈಲಿ ಕ್ರಮಿಸಬೇಕಾಗುವುದರಿಂದ ವಿಲೀನಕ್ಕೆ ಅಡ್ಡಿಯಿಲ್ಲ.’ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುವಷ್ಟರಲ್ಲಿ ಬಾಯಾರಿಕೆಯಾಯಿತು. ಮೇಜಿನ ಆ ತುದಿಯಲ್ಲಿ ನೀರಿನ ಲೋಟವಿತ್ತು. ಕೈ ಚಾಚಿದೆ, ಸಿಗಲಿಲ್ಲ. ಇನ್ನಷ್ಟು ಬಾಗಿದೆ, ಸಿಗಲಿಲ್ಲ. ಎದ್ದು ಹೊರಟೆ. ಹೊರಟೆ ಎಂದರೆ ಹೊರಟೇಬಿಟ್ಟೆ. ಕಣ್ಣಿಗೆ ಕಚೇರಿಯ ನೆಲ, ಮೇಜು, ನಿಂಬಣ್ಣನವರ ಟಿಫಿನ್ ಡಬ್ಬಿ ಎಲ್ಲ ಇದ್ದಲ್ಲೇ ಕಾಣುತ್ತಿದ್ದವು. ಕಾಲಿಗೆ ಮಾತ್ರ ಮೇಲಿನ ಓಣಿಯ ಕಲ್ಲುಹಾಸು, ಇಟ್ಟಿಗೆ ಭಟ್ಟಿಯ ದಿಬ್ಬ, ಒಣಗಿದ ಹಳ್ಳದ ಮರಳು ಒಂದೊಂದಾಗಿ ಸಿಗುತ್ತ ಹೋದವು. ಲೋಟ ಕೈಗೆ ಬಂದಾಗ ನೀರು ಬೆಚ್ಚಗಾಗಿತ್ತು, ಬೆನ್ನು ಒದ್ದೆಯಾಗಿತ್ತು. ಕಚೇರಿಯವರು ನನಗೆ ದಾರಿ ಬಿಡಲು ಕುರ್ಚಿಗಳನ್ನು ಗೋಡೆಗೆ ಸರಿಸಿಕೊಂಡು ಕೂತಿದ್ದರು. ಯಾರೂ ತಲೆ ಎತ್ತಲಿಲ್ಲ.

ಅಲ್ಲಿಂದ ಬಾಯಿಗೆ ಹೋಗುವುದೆಲ್ಲ ಎರಡು ಮೈಲಿ ದೂರವಾಯಿತು. ಚಹಾ, ರೊಟ್ಟಿ, ಮಾತ್ರೆ, ಏಲಕ್ಕಿ. ನಡೆದು ಹೋಗಿ ತಟ್ಟೆ ಹಿಡಿದರೆ ಮುಗಿಯಿತು, ಊಟ ಮಾಡಬಹುದು. ಮತ್ತೆ ಹಸಿದಾಗ ಮತ್ತೆ ನಡೆಯಬೇಕು. ಎರಡು ದಿನ ಮೀನಖಂಡ ಹಿಡಿದವು. ಮೂರನೆಯ ದಿನ ಕಾಲು ಪಳಗಿದವು. ಆಮೇಲೆ ನಿಲ್ಲಲೇ ಒಲ್ಲವಾದವು. ಕೂತರೆ ಪಾದ ನೆಲವನ್ನು ಕೆರೆಯುತ್ತಿತ್ತು, ಮಲಗಿದರೆ ಹೆಬ್ಬೆರಳು ಹೊದಿಕೆಯನ್ನು ಒದೆಯುತ್ತಿತ್ತು. ವೈಶಾಖದ ಗಾಳಿ ದಿನವಿಡೀ ಕದ ಬಡಿಯುತ್ತಿತ್ತು, ನಾನು ಎಲ್ಲಿಗೋ ಹೊರಟವಳ ಹಾಗೆ ಕೋಣೆಯಿಂದ ಕಟ್ಟೆಗೆ, ಕಟ್ಟೆಯಿಂದ ಕೋಣೆಗೆ ತಿರುಗುತ್ತಿದ್ದೆ. ಹೊರುತ್ತಿದ್ದೇನೆ ಎಂಬ ಸಮಾಧಾನವಿತ್ತು. ಅದರ ಒಳಗೇ ಏನೋ ಚುಚ್ಚುತ್ತಿತ್ತು. ಏನೆಂದು ಗೊತ್ತಾಗುತ್ತಿರಲಿಲ್ಲ.

ಸಂಜೆ ಮಾತ್ರ ಒಂದೆಡೆ ಕೂರುತ್ತಿದ್ದೆ. ಊರ ನಡುವಿನ ಗುಡಿಯ ಪಡಸಾಲೆಯಲ್ಲಿ ಕಾವ್ಯ ಓದುತ್ತಿದ್ದರು. ನಾನು ಬೆಳೆದದ್ದೇ ಅದರಲ್ಲಿ. ನಮ್ಮಜ್ಜ ವಾಚನ ಮಾಡುವಾಗ ಕಂಬಕ್ಕೆ ಒರಗಿ, ಬಾಯಿ ಬಿಡದೆ, ಎಷ್ಟೋ ವರ್ಷ ಬರೀ ಕೇಳಿದವಳು ನಾನು. ಇಲ್ಲಿಯೂ ಕಂಬದ ಬುಡ ಹಿಡಿದು ಕೂತೆ. ಮಂಗಳದ ಪದ್ಯ ಮುಗಿದ ಮೇಲೆ ಅರ್ಚಕರು ತೀರ್ಥ ಕೊಡುತ್ತ ಬಂದರು. ಅಂಗೈ ಒಡ್ಡಿದೆ. ತೀರ್ಥದ ಸೌಟು ಅಂಗೈಯ ಮೇಲೆಯೇ ಇತ್ತು. ನನಗೂ ಅದಕ್ಕೂ ನಡುವೆ ಎರಡು ಮೈಲಿ ಇತ್ತು. ಒಂದು ಹನಿ ಬಿಟ್ಟರೆ ಕೈ ಹಚ್ಚಿದಂತಾಗುತ್ತದೆ. ಅರ್ಚಕರು ನನ್ನ ಮುಖ ನೋಡಿದರು, ಸೌಟನ್ನು ಹಿಂದಕ್ಕೆ ತೆಗೆದುಕೊಂಡರು, “ದೇವರಿಗೆ ಗೊತ್ತದ ತಾಯಿ” ಎಂದು ಮುಂದಿನವರಿಗೆ ಹೋದರು. ಹುಟ್ಟಿದಾಗಿನಿಂದ ತೀರ್ಥವಿಲ್ಲದೆ ಗುಡಿಯಿಂದ ಎದ್ದು ಬಂದವಳಲ್ಲ. ಅಂದು ಬಂದೆ. ಆಮೇಲೆಯೂ ಬರುತ್ತಲೇ ಇದ್ದೆ.

ಊಟದ ಸರದಿ ಮೇಲಿನ ಓಣಿಗೆ ಬಂದ ದಿನ ಬುತ್ತಿ ತಂದವಳು ಬಾಳವ್ವ. ಎಪ್ಪತ್ತು ದಾಟಿದ ಮುದುಕಿ, ಒಬ್ಬಂಟಿ. ಎಡಗೈಯಲ್ಲಿ ಗೋಡೆ ಸವರುತ್ತ, ಬಲಗಾಲನ್ನು ಮಡಿಸದೆ ಎಳೆಯುತ್ತ ಬಂದು ಬುತ್ತಿಯನ್ನು ಕಟ್ಟೆಯ ತುದಿಗಿಟ್ಟು ಉಸ್ಸೆಂದು ಕೂತಳು. ಇಷ್ಟು ದೂರ ಬರುವುದಕ್ಕೆ ಅವಳನ್ನು ಓಣಿಯವರು ಗಾಡಿಯ ಮೇಲೆ ಕೂರಿಸಿ ಕಳಿಸಿದ್ದರಂತೆ.

“ನಮ್ಮ ಸೊಸೈಟಿ ಮುಚ್ಚಾಕಿ ನೀನ ಏನ್ ಯವ್ವಾ?” ಎಂದಳು.

“ಹೌದ್ರಿ” ಎಂದೆ.

“ಭಾಳ ಸಣ್ಣಾಕಿ ಇದ್ದೀ. ನಾ ಎಲ್ಲೋ ಮೀಸಿ ಇದ್ದವರಾರ ಬರ್ತಾರ ಅಂದಿದ್ದೆ. ಹೋಗು, ನಡಿ, ಉಣ್ಣು. ಮೆಂತೆ ಪಲ್ಯ ಮಾಡೀನಿ.”

ನಾನು ನಡೆಯತೊಡಗಿದೆ. ಅವಳು ತೊಡೆಯ ಮೇಲೆ ಕೈಯೂರಿ ನನ್ನ ಕಾಲನ್ನೇ ನೋಡುತ್ತ ಕೂತಳು. ಓಣಿಯಲ್ಲಿ ಇದೇ ಮಾತಿಗೆ ಜಗಳವಾಗಿದೆಯೆಂದು ನಡೆಯುತ್ತಿದ್ದ ನನಗೆ ಸುದ್ದಿ ಹೇಳಿದಳು. ಯಾರಾದರೊಬ್ಬರು ಹೋಗಿ ಆ ಹುಡುಗಿಗೆ ಕೈ ಹಚ್ಚಿ ಬರ್ರಿ, ಸೊಸೈಟಿ ಉಳೀತದ ಎಂದು ಮೊದಲು ಎಲ್ಲರೂ ಕೂಡಿ ಕೂಗಾಡಿದರಂತೆ. ಆಮೇಲೆ ‘ನೀ ಹೋಗು, ನಿನಗ ಹರೆ ಅದ’, ‘ನೀನ ಹೋಗು, ನಿನ್ನ ಹೊಟ್ಟಿ ಸಣ್ಣದದ’, ‘ನನಗ ದಿನಾ ನಾಕ್ ಸಲ ಚಾ ಬೇಕು, ನಾ ಸಾಯ್ತೀನಿ’ ಎಂದು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡರಂತೆ.

ಬುತ್ತಿ ಕೈಗೆ ಸಿಕ್ಕಾಗ ನಾನು ಏದುಸಿರು ಕೂಡ ಬಿಡುತ್ತಿರಲಿಲ್ಲ. ಬಾಳವ್ವ ನಕ್ಕಳು. “ನಿನ್ನ ಕಾಲಿಗೆ ಎರಡು ಮೈಲಿ ಅಂದ್ರ ಹಬ್ಬ ಬಿಡವ್ವಾ. ಕುಣಕೋತ ಹೋಗಿ ಕುಣಕೋತ ಬಂತು ನೋಡು” ಎಂದಳು. ಬೈಗುಳವಲ್ಲ, ಮೆಚ್ಚಿಯೇ ಅಂದದ್ದು. ಆದರೆ ಬಾಯಲ್ಲಿಟ್ಟ ತುತ್ತು ಬಾಯಲ್ಲೇ ಉಳಿಯಿತು.

ಹುಣ್ಣಿಮೆಯ ಹಿಂದಿನ ಸಂಜೆ ಪಡಸಾಲೆಯಲ್ಲಿ ಓದುತ್ತಿದ್ದುದು, ಯುದ್ಧ ಮುಗಿದ ಬಯಲಿನಲ್ಲಿ ಮಗನನ್ನು ಹುಡುಕಿಕೊಂಡು ಬರುವ ಒಬ್ಬ ಮುದುಕಿಯ ಸಂಗತಿ. ಕಥೆಗೆ ಬೇಕಾದದ್ದು ಅವಳು ಬಂದಳು ಎನ್ನುವುದಷ್ಟೆ. ಓದುವವರು ಅಷ್ಟಕ್ಕೆ ಬಿಡಲಿಲ್ಲ. ಅವಳ ಒಂದು ಹೆಜ್ಜೆಗೆ ಒಂದು ಪದ್ಯ ಹಾಡಿದರು. ಕೋಲು ಎಲ್ಲಿ ಊರಿತು, ಕಾಲು ಎಲ್ಲಿ ನಡುಗಿತು, ಸೆರಗು ಯಾವ ಮುಳ್ಳಿಗೆ ಸಿಕ್ಕಿತು. ನಮ್ಮಜ್ಜನೂ ಹೀಗೆಯೇ. ಯಾರನ್ನೂ ಸುಮ್ಮನೆ ನಡೆಸುತ್ತಿರಲಿಲ್ಲ. ಚಿಕ್ಕವಳಿದ್ದಾಗ “ಅಜ್ಜಾ, ಬೇಗ ಬೇಗ ಬರಲಿ ಅಕಿ” ಎಂದು ನಾನು ರಂಪ ಮಾಡಿದರೆ, “ಅಕೀ ಕಾಲಿಲೆ ಬರಬೇಕಲ್ಲ ಪುಟ್ಟಾ, ನಿನ್ನ ಕಾಲಿಲೆ ಹ್ಯಾಂಗ ಬಂದಾಳು?” ಎನ್ನುತ್ತಿದ್ದ. ಕಂಬಕ್ಕೆ ಒರಗಿದ್ದವಳು ನೆಟ್ಟಗೆ ಕೂತೆ. ಇಷ್ಟು ದಿನ ಚುಚ್ಚುತ್ತಿದ್ದದ್ದು ಏನೆಂದು ತಿಳಿಯಿತು. ನನ್ನ ವಾಕ್ಯದಲ್ಲಿ ಫಲಾನುಭವಿಗಳಿದ್ದರು, ಎರಡು ಮೈಲಿ ಇತ್ತು. ಕಾಲೇ ಇರಲಿಲ್ಲ. ಅದಕ್ಕೇ ಊರು ನನ್ನ ಕಾಲನ್ನೇ ಬಳಸಿಕೊಂಡಿತ್ತು.

ಹೊಡೆದು ಹಾಕಬಹುದಿತ್ತು. ಹಾಕಿದರೆ ಮುಂದಿನ ಬೇಸಿಗೆಗೆ ನನ್ನಂಥವಳೇ ಒಬ್ಬಳು ಬಂದು, ಇದೇ ಫಲಾನುಭವಿಗಳನ್ನು ಬರೆದು, ಕುಣಿಯುತ್ತ ಹೊತ್ತು ಹೋಗುತ್ತಾಳೆ. ಸುಮ್ಮನಿದ್ದು ನಾಳೆ ನೀರು ಕುಡಿದರೆ ನನಗೂ ಅಮ್ಮನಿಗೂ ಒಂದು ಕೋಣೆ ಸಿಗುತ್ತದೆ, ಬಾಳವ್ವನ ಸೊಸೈಟಿ ಹೋಗುತ್ತದೆ. ಆ ಸಂಜೆ ಕೋಣೆಗೆ ಹೋಗುವ ದಾರಿಯನ್ನು ಎಷ್ಟು ಸಲ ಸುತ್ತಿದೆನೋ. ಊಟಕ್ಕೂ ನಡೆಯಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಕಚೇರಿಯ ಕದ ತೆರೆಯುತ್ತಲೇ ಕಡತ ಕೇಳಿ ಪಡೆದೆ. ಸಂಜೆಯವರೆಗೆ ತಿದ್ದುವ ಹಕ್ಕು ಬರೆದವರಿಗಿತ್ತು. ‘ಫಲಾನುಭವಿಗಳು’ ಎಂಬುದರ ಮೇಲೆ ಗೀಟು ಹಾಕಿ ಬರೆದೆ: ‘ಮೇಲಿನ ಓಣಿಯ ಬಾಳವ್ವ, ವಯಸ್ಸು ಎಪ್ಪತ್ತರ ಮೇಲೆ, ಬಲಮೊಣಕಾಲು ಮಡಿಸಲು ಬಾರದವಳು, ಗೋಡೆ ಹಿಡಿಯದೆ ಏಳಲಾರದವಳು, ವೈಶಾಖದ ಬಿಸಿಲಿನಲ್ಲಿ, ಮರಳುವಾಗ ತಲೆಯ ಮೇಲೆ ಅಕ್ಕಿಯ ಚೀಲ ಹೊತ್ತು, ಎರಡು ಮೈಲಿ ನಡೆಯಬೇಕಾಗುತ್ತದೆ.’ ಹೀಗಾದರೂ ಮುಂದೆ ಕಪಾಟು ತೆರೆಯುವವರಿಗೆ ಆ ಮೊಣಕಾಲು ಮೊದಲು ಸಿಗಲಿ ಎಂಬುದಷ್ಟೇ ನನ್ನ ಆಸೆ. ಸಹಿ ಹಾಕಿದೆ. ಏಳಲು ಹೋದೆ. ಆಗಲಿಲ್ಲ.

ನಿಂಬಣ್ಣನವರು ಕಡತದತ್ತ ಬಗ್ಗಿ ಓದಿದರು. “ಏ ತಂಗಿ, ಏನ್ ಮಾಡ್ಕೊಂಡಿ ಇದು?” ಎಂದು ಹಣೆ ಬಡಿದುಕೊಂಡರು. “ಒಂದ ದಿನ ಉಳದಿತ್ತಲ್ಲ!”

ತೌಸೀಫ್ ಓಡಿ ಬಂದ. ಬಾಗಿಲಲ್ಲಿ ತನ್ನ ಸರದಿಗಾಗಿ ಕಾದು ಆಮೇಲೆ ಒಳಗೆ ಬಂದ. “ನಿನಗ ಹುಚ್ಚ ಹಿಡದದ. ಹೊಡದ ಹಾಕು, ಈಗರ ಹೊಡದ ಹಾಕು” ಎಂದ. ನಾನು ತಲೆಯಾಡಿಸಿದೆ. ಗೋಡೆಗೆ ಎಡಗೈ ಹಚ್ಚಿ ಎದ್ದು ನಿಂತೆ. ಸಾಹೇಬರ ಮೇಜಿನ ಮೇಲೆ ಸಂಜೆಯ ಶಾಸ್ತ್ರದ ಲೋಟವನ್ನು ಆಗಲೇ ತುಂಬಿಟ್ಟಿದ್ದರು. ಹೊರಟೆ.

ಅದೇ ದಾರಿ. ಆದರೆ ಆ ದಾರಿಯನ್ನು ನಾನು ಅದುವರೆಗೆ ತುಳಿದೇ ಇರಲಿಲ್ಲ ಎನ್ನಿಸಿತು. ಕಲ್ಲುಹಾಸಿನ ಒಂದೊಂದು ಸಂದೂ ಬೇರೆಬೇರೆಯಾಗಿ ಚುಚ್ಚಿತು. ಭಟ್ಟಿಯ ದಿಬ್ಬ ಏರುವಾಗ ಮೊಣಕಾಲಿನೊಳಗೆ ಯಾರೋ ಕಬ್ಬಿಣದ ಸರಳು ತಿರುಗಿಸಿದಂತಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ, ಮೇಜಿನ ಅಂಚು ಹಿಡಿಯುತ್ತಿದ್ದೆ, ಮತ್ತೆ ಹೊರಡುತ್ತಿದ್ದೆ. ಗಂಟಲು ಒಣಗಿ ನಾಲಿಗೆ ಅಂಟಿತು. ಕಚೇರಿಯವರು ಮೊದಲಿನ ಹಾಗೆ ತಲೆ ತಗ್ಗಿಸಿ ಕೂರಲು ನೋಡಿದರು. ಆಗಲಿಲ್ಲ. ಮಧ್ಯಾಹ್ನ ಯಾರೂ ಡಬ್ಬಿ ಬಿಚ್ಚಲಿಲ್ಲ.

ಸಂಜೆಗೆ ಊರವರು ಬಂದು ಬಾಗಿಲಲ್ಲಿ, ಕಿಟಕಿಗಳಲ್ಲಿ ತುಂಬಿಕೊಂಡರು. ತೌಸೀಫನದು ಸುಲಭದಲ್ಲಿ ಮುಗಿಯಿತು. ಕಾಣದ ಸಾಲಿನಲ್ಲಿ ನಿಂತು, ಸರದಿ ಬಂದಾಗ ತನ್ನ ಲೋಟದ ನೀರು ಕುಡಿದು, “ಹೊತ್ತೆ” ಎಂದ. ನನ್ನ ಕಡೆ ನೋಡದೆ ಹೋಗಿ ಮೂಲೆಯಲ್ಲಿ ನಿಂತ. ನಾನು ಆಗ ಹಳ್ಳದ ಮರಳಿನಲ್ಲಿದ್ದೆ. ಕಾಲು ಹೂತು ಹೂತು ಬರುತ್ತಿತ್ತು. ಲೋಟ ನಾಲ್ಕು ಮೊಳದಾಚೆ ಕಾಣುತ್ತಿತ್ತು. ಹಳ್ಳದ ಆಚೆ ದಂಡೆ ಹತ್ತಬೇಕು, ಅರ್ಧ ಮೈಲಿ ಪೇಟೆಯ ರಸ್ತೆ. ದೀಪ ಹಚ್ಚಲು ಜವಾನ ಬತ್ತಿ ಹೊಸೆಯುತ್ತಿದ್ದ.

“ಯವ್ವಾ!” ಎಂದು ಜನರ ನಡುವಿನಿಂದ ಬಾಳವ್ವನ ದನಿ ಬಂತು. “ಇದು ನನ್ನ ನಡಗಿ ಅಲ್ಲೇನವ್ವಾ? ಆ ಹುಡುಗಿ ನನ್ನ ಕಾಲ ಹಾಕ್ಕೊಂಡ ಹೊಂಟಾಳಲ್ಲೋ!”

ಯಾರೋ ನಗಲು ಹೋಗಿ ನಿಲ್ಲಿಸಿದರು. ನನ್ನ ಮೊಣಕಾಲು ಸೋತು, ಕುಸಿದು ಕೂತೆ. ಬಾಳವ್ವ ಜನರನ್ನು ಮೊಣಕೈಯಲ್ಲಿ ತಿವಿಯುತ್ತ ಒಳಗೆ ಬಂದಳು. ಗೋಡೆ ಸವರುತ್ತ, ಬಲಗಾಲು ಎಳೆಯುತ್ತ, ನೇರ ಸಾಹೇಬರ ಮೇಜಿಗೆ. ಅವಳೇನು ಮಾಡಹೊರಟಿದ್ದಾಳೆಂದು ನನಗೆ ತಿಳಿಯಿತು. “ಬ್ಯಾಡ್ರಿ, ಅಜ್ಜೀ” ಎಂದು ಕೂಗಿದೆ. ಅವಳು ನಿಲ್ಲಲಿಲ್ಲ. ಇದ್ದ ಕಾಲಿನ ಮೇಲೆ ಇನ್ನೊಂದು ಅಂಥದೇ ಕಾಲು, ಒಂದೊಂದು ತುತ್ತಿಗೂ ಎರಡು ಮೈಲಿ. ಮುಂದಿನ ಬೇಸಿಗೆಯನ್ನು ಅವಳು ನೋಡುವುದುಂಟೇ?

“ನನಗ ಹ್ಯಾಂಗೂ ರೂಢಿ ಅದ” ಎನ್ನುತ್ತ ಅವಳು ಲೋಟಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಇನ್ನೊಂದು ಕೈ ಬಂದು ಲೋಟದ ಬಾಯಿ ಮುಚ್ಚಿತು.

“ನೀವು ಕೂಡ್ರಿ ಅವ್ವಾ” ಎಂದರು ಗುರುಪಾದಪ್ಪನವರು.

ಲೋಟ ಎತ್ತಿಕೊಂಡರು. ಬಾಗಿಲಲ್ಲಿ, ಕಿಟಕಿಯಲ್ಲಿ, ಊರಿಗೆ ಊರೇ ಎಂದಿನಂತೆ ಅವರನ್ನೇ ನೋಡುತ್ತಿತ್ತು. ಅವರು ಛತ್ರಿಗಾಗಿ ತಡಕಾಡಲಿಲ್ಲ.

“ಸಾಹೇಬ್ರ, ವಿಚಾರ ಮಾಡ್ರಿ” ಎಂದು ನಿಂಬಣ್ಣನವರು ಮೆಲ್ಲಗೆ ಅಂದರು. “ನಿಮ್ಮ ರಿಟೈರ್‌ಮೆಂಟು ಹತ್ರ ಬಂದದ. ಒಂದು ವರ್ಷ, ಸಾಹೇಬ್ರ.”

“ಮೂವತ್ತು ವರ್ಷ ಮಂದಿ ನನ್ನ ನೋಡಿದ್ರು, ನಿಂಬಣ್ಣ” ಎಂದರು ಅವರು. “ಇವತ್ತ ಮುಂಜಾನಿಂದ ನಾ ನೋಡೀನಿ.”

ಮೇಜು ಸುತ್ತಿ ಬಂದು, ನನ್ನ ಮುಂದೆ ಬಾಗಿ, ಲೋಟ ನೀಡಿದರು. ಅದನ್ನು ಹೇಗೆ ಹಿಡಿಯುವುದೆಂದು ತೋಚಲಿಲ್ಲ. ಗುಡಿಯಲ್ಲಿ ಒಡ್ಡುವಂತೆ ಅಂಗೈ ಒಡ್ಡಿದೆ. ಅವರು ಒಂದಿಷ್ಟು ನೀರನ್ನು ಅದರಲ್ಲಿ ಹೊಯ್ದರು. ಕುಡಿದೆ. ಮೊಣಕಾಲಿನ ಸರಳು ಕಳಚಿ ಬಿತ್ತು. ಎದ್ದು ನಿಂತೆ, ಗೋಡೆ ಬೇಕಾಗಲಿಲ್ಲ. ಕಚೇರಿಯ ನೆಲ ಮತ್ತೆ ಬರೀ ನೆಲವಾಗಿತ್ತು. ಸೊಸೈಟಿ ಉಳಿದಿತ್ತು. ನಾನು ‘ಹೊತ್ತೆ’ ಎನ್ನಲಿಲ್ಲ, ಎನ್ನುವಂತೆಯೂ ಇರಲಿಲ್ಲ. ನಿಂಬಣ್ಣನವರು ನನ್ನ ಸರ್ಟಿಫಿಕೇಟಿನಲ್ಲಿ ಆ ಪದದ ಜಾಗವನ್ನು ಖಾಲಿ ಬಿಟ್ಟು ಮಡಿಸುವುದನ್ನು ನೋಡಿದೆ. ನಡುಮನೆಯ ಹಾಸಿಗೆ ನೆನಪಾಯಿತು. ಅಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸತೊಡಗಿದೆ, ಆದರೂ ಎಷ್ಟೋ ದಿನಗಳ ಮೇಲೆ ನನ್ನ ಪಾದಗಳು ನೆಲದ ಮೇಲೆ ಸುಮ್ಮನೆ ನಿಂತಿದ್ದವು.

ದೀಪ ಹಚ್ಚಿದರು. ಜವಾನ ರೂಢಿಯಂತೆ ಸಾಹೇಬರ ಮೇಜಿನ ಮೇಲೆ ಸಂಜೆಯ ಚಹಾ ತಂದಿಟ್ಟ. ನಾನು ಕಳಚಿದ ಕಾಲು ತಮಗೆ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕುಸಿದಿದ್ದ ಸಾಹೇಬರು ಮರೆತು ಆ ಕಡೆ ಕೈ ಚಾಚಿದರು. ಕೈ ಅರ್ಧಕ್ಕೆ ನಿಂತಿತು. ಮೇಜನ್ನೂ, ಕಪ್ಪಿನಿಂದ ಏಳುತ್ತಿದ್ದ ಹಬೆಯನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಬಲಗಾಲು ಊರಿ ಏಳಲು ಹೋಗಿ, “ಅಯ್ಯಪ್ಪಾ” ಎಂದು ಮತ್ತೆ ಕೂತರು.

“ಹಂಗಲ್ರೀ, ಸಾಹೇಬ್ರ” ಎಂದು ಬಾಳವ್ವ ಅವರ ಪಕ್ಕದ ಗೋಡೆಗೆ ಬಂದು ನಿಂತಳು. ಕೈ ಹಚ್ಚಲಿಲ್ಲ, ಸೆರಗು ಸಿಕ್ಕಿಸಿಕೊಂಡು ತೋರಿಸಿದಳು. “ಮೊದಲ ಎಡಗೈ ಗ್ವಾಡಿಗೆ ಹಚ್ರಿ. ಹಾಂ. ಎಡಗಾಲ ಮ್ಯಾಲ ಭಾರ ಬಿಡ್ರಿ. ಈಗ ಉಸರ ಹಿಡದ ಏಳ್ರಿ.”

ಅವರು ಎದ್ದರು.

“ಅವಸರ ಮಾಡಬ್ಯಾಡ್ರಿ” ಎಂದಳು. “ಚಾ ಹ್ಯಾಂಗೂ ಆರೇ ಆರ್ತದ.”

“ಆರ್ಲಿ” ಎಂದರು ಗುರುಪಾದಪ್ಪನವರು. ಇಬ್ಬರೂ ಒಂದೇ ನಡಿಗೆಯಲ್ಲಿ ಹೊರಟರು.